ಆಣೆ ಮುರಿದೆ ಅಕ್ಕಾ, ಮಗಳಿಗೆ ಹೇಳಲೋ ಬೇಡವೋ?

ಅಕ್ಕಾ, ನಾನು ತೀರ್ಥಹಳ್ಳಿ ಕಡೆಯವನು. ವಯಸ್ಸು 43. ಮೂರೂವರೆ ಎಕರೆ ಅಡಿಕೆ ತೋಟ ಇದೆ. ಹದಿನೆಂಟನೇ ವಯಸ್ಸಿನಿಂದ ಬೀಡಿ ಸೇದುತ್ತಿದ್ದೇನೆ, ದಿನಕ್ಕೆ ಒಂದು ಕಟ್ಟು. 2025ರ ಯುಗಾದಿ ಆದ ವಾರ ಮನೆಯವರೆಲ್ಲ ಸಿಗಂದೂರಿಗೆ ಹೋಗಿದ್ದೆವು. ಅಂಬಾರಗೋಡ್ಲುವಿನಲ್ಲಿ ಹಿನ್ನೀರು ದಾಟಿಸುವ ಲಾಂಚ್‌ಗೆ ಕಾಯುತ್ತಾ ಕೊನೆಯ ಬೀಡಿ ಅಂತ ಒಂದು ಸೇದಿದೆ. ಆಚೆ ದಡಕ್ಕೆ ಹೋಗಿ, ಚೌಡೇಶ್ವರಿ ಅಮ್ಮನವರ ಎದುರು ಮಗಳ ತಲೆ ಮೇಲೆ ಕೈಯಿಟ್ಟು ಇನ್ನು ಮುಟ್ಟಲ್ಲ ಅಂತ ಆಣೆ ಮಾಡಿದೆ. ಹತ್ತೊಂಬತ್ತು ದಿನ ಮುಟ್ಟಲಿಲ್ಲ. ಇಪ್ಪತ್ತನೇ ದಿನ ನೆಂಟರ ಮದುವೆ ಮನೆಯಲ್ಲಿ ಚಪ್ಪರದ ಹಿಂದೆ ಒಂದು ಎಳೆದೆ. ಹೇಗೂ ಆಣೆ ಮುರಿಯಿತಲ್ಲ ಅಂತ ಆ ದಿನವೇ ಒಂದು ಕಟ್ಟು ತಂದೆ. ಈಗ ಬೆಳಿಗ್ಗೆ ಬಚ್ಚಲೊಲೆ ಮುಂದೆ, ಆಮೇಲೆ ತೋಟದಲ್ಲಿ. ಪೇರಲೆ ಎಲೆ ಅಗಿದು ಮನೆಯೊಳಗೆ ಬರುತ್ತೇನೆ. ಏಳನೇ ಕ್ಲಾಸಿನ ಮಗಳು ನಮ್ಮಪ್ಪ ಬೀಡಿ ಬಿಟ್ಟಿದಾರೆ ಅಂತ ಊರಿಗೆಲ್ಲ ಹೇಳಿಕೊಂಡು ಬರುತ್ತಾಳೆ. ಆಗಸ್ಟ್‌ನಲ್ಲಿ ಅವಳಿಗೆ ನಾಲ್ಕು ದಿನ ಜೋರು ಜ್ವರ ಬಂತು. ಡಾಕ್ಟರು ಮಳೆಗಾಲದ್ದು ಅಂದರು. ನನಗೆ ಮಾತ್ರ ಆಣೆ ತಟ್ಟಿತು ಅಂತ ಇವತ್ತಿಗೂ ನಿದ್ದೆ ಇಲ್ಲ. ಗೆಳೆಯನೊಬ್ಬ, ಅಡಿಕೆ ಬೆಳೆದು ಮಾರುವ ನಮಗೆ ಬೀಡಿ ವಿಷಯದಲ್ಲಿ ಎಂಥ ನೀತಿ ಮಾರಾಯಾ ಅಂತ ನಗುತ್ತಾನೆ. ನಾನು ಕೆಟ್ಟವನಾ ಅಕ್ಕಾ? ಮಗಳಿಗೆ ಹೇಳಲೋ ಬೇಡವೋ?

ತೀರ್ಥಹಳ್ಳಿ ಕಡೆಯ ತಮ್ಮನಿಗೆ,

ಮೊದಲು ಜ್ವರದ ವಿಷಯ ಮುಗಿಸೋಣ. ಆಗಸ್ಟ್ ತಿಂಗಳಲ್ಲಿ ಮಕ್ಕಳಿಗೆ ಜ್ವರ ಬರದ ಮನೆ ಮಲೆನಾಡಿನಲ್ಲಿ ಎಲ್ಲಿದೆ ಹೇಳಿ. ಬಟ್ಟೆ ಒಣಗಲ್ಲ, ಮಕ್ಕಳು ಒದ್ದೆ ಕಾಲಲ್ಲೇ ಶಾಲೆಯಲ್ಲಿ ಕೂರುತ್ತವೆ, ಒಬ್ಬರಿಂದ ಇಡೀ ಕ್ಲಾಸಿಗೆ ಹರಡುತ್ತದೆ. ಬೀಡಿ ಮುಟ್ಟದವರ ಮಕ್ಕಳೂ ಆ ವಾರ ಮಲಗಿದ್ದರು, ಬೇಕಾದರೆ ಮಗಳನ್ನೇ ಕೇಳಿ. ನನಗೂ ಅಮ್ಮನವರ ಮೇಲೆ ನಂಬಿಕೆ ಇದೆ. ನಾನು ನಂಬಿರುವ ಅಮ್ಮ, ಅಪ್ಪ ಸೇದಿದ ಬೀಡಿಗೆ ಮಗುವಿನ ಮೈ ಸುಡುವವಳಲ್ಲ.

ಆದರೆ ಒಂದು ಮಾತಿಗೆ ನಿಮ್ಮನ್ನು ಬೈಯಲೇಬೇಕು. ನಿಮ್ಮ ಚಟ, ನಿಮ್ಮ ಬಾಯಿ. ಅದಕ್ಕೆ ಹನ್ನೆರಡು ವರ್ಷದ ಹುಡುಗಿಯ ತಲೆಯನ್ನು ಯಾಕೆ ಅಡವಿಟ್ಟಿರಿ? ಅವಳಿಗೆ ನೆಗಡಿ ಬಂದರೂ ನೀವು ನಡುಗುವ ಹಾಗೆ ಆಗಿದೆ. ಆ ನಡುಕ ತಡೆಯೋಕೆ ಮತ್ತೆ ಬಚ್ಚಲೊಲೆ ಮುಂದೆ ಹೋಗಿ ಕೂರುತ್ತೀರಿ. ನಮ್ಮ ಕಡೆ ಇದಕ್ಕೆ ಹಿಂದಿನಿಂದಲೂ ಒಂದು ದಾರಿ ಇದೆ, ನಿಮಗೂ ಗೊತ್ತಿರುತ್ತದೆ. ತಪ್ಪು ಕಾಣಿಕೆ ಹಾಕಿ. ತಪ್ಪಾಯ್ತು ಅಮ್ಮಾ, ಮಗುವಿನ ಮೇಲಿನ ಆಣೆ ವಾಪಸ್ ತಗೊಂಡೆ ಅಂತ ಹೇಳಿ ಬನ್ನಿ. ಅದರ ಬದಲು ಇನ್ನೊಂದು ಆಣೆ ಮಾತ್ರ ಮಾಡಬೇಡಿ.

ಆಣೆಯಿಂದ ಇನ್ನೂ ಒಂದು ತೊಂದರೆ ಆಯಿತು, ನೀವೇ ಬರೆದಿದ್ದೀರಿ. ‘ಹೇಗೂ ಆಣೆ ಮುರಿಯಿತಲ್ಲ.’ ಚಪ್ಪರದ ಹಿಂದೆ ಸೇದಿದ್ದು ಒಂದು ಬೀಡಿ. ಕಟ್ಟು ತರಿಸಿದ್ದು ಈ ಮಾತು. ತೋಟದಲ್ಲಿ ನೀವು ಹೀಗೆ ಮಾಡುತ್ತೀರಾ? ಮಳೆ ಹಿಡಿಯುವ ಮೊದಲು 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರಿನ ಲೆಕ್ಕದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸುತ್ತೀರಿ. 40–45 ದಿನ ಆದ ಮೇಲೆ ಮತ್ತೆ ಹೊಡೆಸುತ್ತೀರಿ. ನಡುವೆ ನಾಲ್ಕು ಅಡಿಕೆ ಗೊನೆಗೆ ಕೊಳೆ ಬಂತು ಅಂತ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನನ್ನು ವಾಪಸ್ ಕಳಿಸಿ, ಹೇಗೂ ಹೋಯಿತಲ್ಲ ಅಂತ ಜಗಲಿ ಮೇಲೆ ಕೂತ ಬೆಳೆಗಾರನನ್ನು ನಾನಂತೂ ನೋಡಿಲ್ಲ.

ಹತ್ತೊಂಬತ್ತು ದಿನ ಅಂದರೆ ಕಡಿಮೆ ಅಂದುಕೊಂಡಿದ್ದೀರಾ? ನಿಕೋಟಿನ್ ಬಿಟ್ಟಾಗ ಮೈ ಕಾಡುವುದು ಮೊದಲ ಎರಡು ಮೂರು ದಿನ ಬಹಳ ಜೋರು. ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತಾ ಬರುತ್ತದೆ. ನೀವು ಏರು ಹತ್ತಿ, ಇಳಿಜಾರು ಶುರುವಾದ ಮೇಲೆ ಬಿದ್ದಿದ್ದೀರಿ. ಅದೂ ಬರೀ ಹಲ್ಲು ಕಚ್ಚಿ, ಯಾರ ಸಹಾಯವೂ ಇಲ್ಲದೆ. ಹಾಗೆ ಬಿಡಲು ಹೊರಟ 100 ಜನರಲ್ಲಿ ವರ್ಷ ಕಳೆದ ಮೇಲೂ ಬಿಟ್ಟೇ ಇರುವವರು 3ರಿಂದ 5 ಮಂದಿ. ಉಳಿದ ತೊಂಬತ್ತೈದು ಮಂದಿಯೂ ಕೆಟ್ಟವರಾ? ಸೇದಿದ ಹೊಗೆಯ ನಿಕೋಟಿನ್ 10–20 ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಇಪ್ಪತ್ತೈದು ವರ್ಷ, ದಿನಕ್ಕೊಂದು ಕಟ್ಟು. ಅಷ್ಟು ಸಲ ಮಿದುಳಿಗೆ ಕಲಿಸಿದ ಪಾಠ ಒಂದು ದಿನದಲ್ಲಿ ಮರೆಯಲ್ಲ.

ಇನ್ನು ಸುಳ್ಳಿನ ವಿಷಯ. ಇಲ್ಲಿ ನನ್ನ ಮನೆಯದ್ದೇ ಒಂದು ಹೇಳಬೇಕು.

ನಮ್ಮ ಅಪ್ಪಯ್ಯನೂ ಪೇರಲೆ ಎಲೆ ಅಗಿದೇ ಒಳಗೆ ಬರುತ್ತಿದ್ದರು. ನಾವು ಮೂವರು ಮಕ್ಕಳು. ಪೇರಲೆ ಎಲೆ ವಾಸನೆ ಬಂತು ಅಂದರೆ ಅಪ್ಪಯ್ಯ ಈಗ ಸೇದಿ ಬಂದರು ಅಂತ ನಮಗೆ ಲೆಕ್ಕ. ಬೀಡಿ ವಾಸನೆಗಿಂತ ಅದೇ ಜಾಸ್ತಿ ಹೊಡೆಯುತ್ತಿತ್ತು! ಒಂದು ದಿನವೂ ಯಾರೂ ಬಾಯಿ ಬಿಡಲಿಲ್ಲ. ಅವರು ಬಿಟ್ಟಿದ್ದೇನೆ ಅನ್ನುತ್ತಿದ್ದರು, ನಾವು ಹೂಂ ಅನ್ನುತ್ತಿದ್ದೆವು. ಕೊನೆಕೊನೆಗೆ ಮೇಲಿನ ತೋಟಕ್ಕೆ ಹತ್ತುವಾಗ ನಾಲ್ಕು ಸಲ ನಿಂತು ದಮ್ಮು ತಗೊಳ್ಳುತ್ತಿದ್ದರು. ನಿಂತಾಗೆಲ್ಲ ಮರದ ತುದಿ ನೋಡುವ ಹಾಗೆ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಕೊಟ್ಟಿಗೆ ಮಾಡಿನ ಹಂಚಿನ ಸಂದಿಯಲ್ಲಿ ಬೀಡಿ ಕಟ್ಟು, ಬೆಂಕಿಪೊಟ್ಟಣ ಸಿಕ್ಕಿತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲೆ ಬಾಳೆನಾರು ಕಟ್ಟಿತ್ತು. ಅಮ್ಮನಿಗೆ ಬೇಜಾರಾಗುತ್ತೆ ಅಂತ ನಾನು ಸೆರಗಿನಲ್ಲಿ ಮುಚ್ಚಿಕೊಂಡೆ. ಅಮ್ಮ ನೋಡಿಬಿಟ್ಟರು. ‘ಮಳೆಗೆ ನೆನೆಯದೆ ಇರಲಿ ಅಂತ ಆ ಕವರು ಇಟ್ಟವಳು ನಾನೇ’ ಅಂದರು.

ಇಬ್ಬರೂ ಇದರ ಬಗ್ಗೆ ಜನ್ಮದಲ್ಲಿ ಒಂದು ಮಾತು ಆಡಿರಲಿಲ್ಲ ಅಂತ ಆಮೇಲೆ ತಿಳಿಯಿತು. ನನಗೆ ಅಪ್ಪಯ್ಯ ಬೀಡಿ ಸೇದಿದ್ದರ ಬಗ್ಗೆ ಸಿಟ್ಟಿಲ್ಲ. ಏದುಸಿರು ಬಿಡುತ್ತಾ ನಿಂತಾಗ, ಡಾಕ್ಟರ ಹತ್ತಿರ ಹೋಗೋಣ ಬನ್ನಿ ಅಂತ ಕೈ ಹಿಡಿದು ಎಳೆಯೋಕೆ ಆಗಲಿಲ್ಲ ಅಂತ ಸಿಟ್ಟಿದೆ. ಇಲ್ಲದ ಬೀಡಿಗೆ ಯಾವ ಡಾಕ್ಟರು?

ಹಾಗಾಗಿ ಹೇಳಿ ತಮ್ಮಾ. ಮೊದಲು ಹೆಂಡತಿಗೆ. ಅವರಿಗೆ ಗೊತ್ತಿಲ್ಲ ಅಂತ ಅಂದುಕೊಂಡಿದ್ದರೆ ಅದು ನಿಮ್ಮ ಭ್ರಮೆ ಇರಬಹುದು. ಬಚ್ಚಲೊಲೆ ಹೊಗೆಗೂ ಬೀಡಿ ಹೊಗೆಗೂ ವ್ಯತ್ಯಾಸ ಗೊತ್ತಾಗದ ಹೆಂಗಸು ಮಲೆನಾಡಲ್ಲಿ ಹುಟ್ಟಿಲ್ಲ. ಆಮೇಲೆ ಮಗಳಿಗೆ, ಸುಮ್ನೆ ನೇರವಾಗಿ. ಬಿಟ್ಟಿದ್ದೆ, ಮತ್ತೆ ಹಿಡಿದೆ, ನಿನಗೆ ಸುಳ್ಳು ಹೇಳಿದೆ, ಈಗ ಮತ್ತೆ ಬಿಡೋಕೆ ಹೊರಟಿದ್ದೇನೆ. ನಿನ್ನ ಜ್ವರಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತಲೂ ಹೇಳಿ. ಆಣೆ ಮಾಡುವಾಗ ಅವಳೂ ಅಲ್ಲೇ ಇದ್ದಳಲ್ವಾ, ಆ ಹೆದರಿಕೆ ಅವಳಿಗೂ ಇರಬಹುದು. ಅಳುತ್ತಾಳೆ, ಒಂದೆರಡು ದಿನ ಮಾತು ಬಿಡಬಹುದು. ಬಿಡಲಿ. ಆದರೆ ಅವಳನ್ನು ಪೊಲೀಸ್ ಮಾಡಬೇಡಿ. ಅಪ್ಪನ ಜೇಬು ಹುಡುಕುವ ಕೆಲಸ ಮಕ್ಕಳಿಗೆ ಕೊಡಬಾರದು.

ನೀತಿಯ ಪ್ರಶ್ನೆ ಕೇಳಿದ್ದೀರಿ. ನನ್ನ ಲೆಕ್ಕ ಇಷ್ಟು. ಬೀಡಿ ಸೇದುವುದರಿಂದ ಯಾರೂ ಕೆಟ್ಟವರಾಗಲ್ಲ. ಆದರೆ ನಿಮ್ಮ ಹೊಗೆ ಬೇರೆಯವರ ಎದೆಗೆ ಹೋದರೆ ಅದು ತಪ್ಪು, ನಂಬಿದವರಿಗೆ ಸುಳ್ಳು ಹೇಳಿದರೆ ಅದೂ ತಪ್ಪು. ಬಚ್ಚಲಲ್ಲಿ ನೀವು ಸೇದಿ ಬಂದ ಮೇಲೆ ಅದೇ ಮುಚ್ಚಿದ ಕೋಣೆಯಲ್ಲಿ ಮಗಳು ಸ್ನಾನ ಮಾಡುತ್ತಾಳೆ. ಅದನ್ನು ಮಾತ್ರ ನಾಳೆಯಿಂದಲೇ ನಿಲ್ಲಿಸಿ, ಬೀಡಿ ಬಿಡುವ ದಿನಕ್ಕೂ ಕಾಯಬೇಡಿ.

ನಿಮ್ಮ ಗೆಳೆಯನ ಮಾತು ಮುಳ್ಳಿನಂಥದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿ 2004ರಲ್ಲೇ ವರದಿ ಕೊಟ್ಟಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯಿತು, ಆಮೇಲೆ ಪಾನ್ ಮಸಾಲ ಒಂದು ಸ್ಯಾಶೆ, ತಂಬಾಕು ಇನ್ನೊಂದು ಸ್ಯಾಶೆ ಅಂತ ಬೇರೆ ಬೇರೆಯಾಗಿ ಮಾರಾಟಕ್ಕೆ ಬಂತು. ನಾನು ಓದಿದ್ದೂ ಅಡಿಕೆ ದುಡ್ಡಿನಲ್ಲೇ. ಇದಕ್ಕೆ ನನ್ನ ಹತ್ತಿರ ಚೊಕ್ಕ ಉತ್ತರ ಇಲ್ಲ, ಇದೆ ಅಂತ ನಾಟಕ ಮಾಡಲ್ಲ. ಆದರೆ ಗೆಳೆಯ ಈ ಪ್ರಶ್ನೆ ಎತ್ತುವುದು ಬೀಡಿ ಹಚ್ಚುವಾಗ ಮಾತ್ರ ಆದರೆ ಅದು ನೀತಿಯ ಪ್ರಶ್ನೆಯಲ್ಲ, ಬೆಂಕಿಪೊಟ್ಟಣ.

ಈಗ ಕೆಲಸದ ಮಾತು. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಬೇಕೇ ಬೇಕು ಅನ್ನುವವರಿಗೆ ಚಟ ಗಟ್ಟಿಯಾಗಿದೆ ಅಂತ ಅರ್ಥ. ನಿಮ್ಮದು ಆ ಜಾತಿ. ಹಾಗಾಗಿ ಈ ಸಲ ಬರೀ ಛಲ ಸಾಲದು, ಔಷಧಿಯೂ ಬೇಕು. ನಿಕೋಟಿನ್ ಗಮ್ 2 ಮಿ.ಗ್ರಾಂನದ್ದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, 4 ಮಿ.ಗ್ರಾಂನದ್ದಕ್ಕೆ ಡಾಕ್ಟರ ಚೀಟಿ ಬೇಕು. ಒಮ್ಮೆ ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ, ಎದೆ ಪರೀಕ್ಷೆಯೂ ಆದಂತಾಯಿತು. ಗಮ್ಮನ್ನು ಎಲೆಅಡಿಕೆ ಕವಳದ ಹಾಗೆ ಒಂದೇ ಸಮ ಅಗಿಯಬಾರದು. ನಿಧಾನಕ್ಕೆ ನಾಲ್ಕು ಸಲ ಅಗಿದು, ಖಾರ ಹತ್ತಿದ ಕೂಡಲೇ ಕೆನ್ನೆ ಸಂದಿಯಲ್ಲಿ ಇಡಿ. ಖಾರ ಇಳಿದ ಮೇಲೆ ಮತ್ತೆ ಅಗಿಯಿರಿ. ಹೀಗೆ ಸುಮಾರು ಅರ್ಧ ಗಂಟೆ. ಕವಳ ಹಾಕಿ ಅಭ್ಯಾಸ ಇದ್ದವರಿಗೆ ಕೆನ್ನೆಯಲ್ಲಿ ಇಡುವುದನ್ನು ಹೇಳಿಕೊಡಬೇಕಾಗಿಲ್ಲ. ರಸ ನುಂಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು. ಅಗಿಯುವ ಕಾಲು ಗಂಟೆ ಮೊದಲಿನಿಂದ ಕಾಫಿ, ಟೀ ಬೇಡ.

ಕಾಫಿ ಅಂದಾಗ ನೆನಪಾಯಿತು. ತಂಬಾಕಿನ ಹೊಗೆ ಮೈಯಲ್ಲಿರುವ ಕೆಫೀನನ್ನು ಬೇಗ ಖಾಲಿ ಮಾಡಿಸುತ್ತದೆ. ಬೀಡಿ ನಿಂತ ಮೇಲೆ ಅದೇ ಎರಡು ಲೋಟ ಕಾಫಿ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ, ರಾತ್ರಿ ಕಣ್ಣು ಮುಚ್ಚಲ್ಲ. ಜನ ಅದನ್ನೂ ಬೀಡಿ ಬಿಟ್ಟಿದ್ದರ ಲೆಕ್ಕಕ್ಕೆ ಬರೆದು, ಮತ್ತೆ ಹಚ್ಚುತ್ತಾರೆ. ಕಾಫಿಯನ್ನು ಅರ್ಧಕ್ಕೆ ಇಳಿಸಿ, ಅಥವಾ ಒಂದಷ್ಟು ದಿನ ಕಷಾಯ ಕುಡಿಯಿರಿ.

ಕೊಯ್ಲಿನ ಕಾಲದಲ್ಲಿ ಆಳುಗಳಿಗೆ ಬೀಡಿ ಕಟ್ಟು ತಂದು ಕೊಡುವ ಪದ್ಧತಿ ನಿಮ್ಮಲ್ಲೂ ಇದ್ದರೆ ಈ ವರ್ಷ ನಿಲ್ಲಿಸಿ. ಆ ದುಡ್ಡು ಕೂಲಿಗೆ ಸೇರಿಸಿ ಕೊಡಿ. ಅಡಿಕೆ ಸುಲಿಯುವ ರಾತ್ರಿಗಳೇ ನಿಮಗೆ ಕಷ್ಟದವು. ಪಕ್ಕದವರು ಹಚ್ಚಿದಾಗ ಎದ್ದು ಅಂಗಳಕ್ಕೆ ಹೋಗಿ. ತಲಬು ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ, ಒಂದು ಬುಟ್ಟಿ ಅಡಿಕೆ ಸಿಪ್ಪೆ ಗೊಬ್ಬರದ ಗುಂಡಿಗೆ ಹಾಕಿ ಬರುವಷ್ಟು ಹೊತ್ತು. ನೀವು ಸೇದುವ ಬೀಡಿ ಕಟ್ಟಿನ ಮೇಲೇ 1800-11-2356 ಅಂತ ಒಂದು ನಂಬರ್ ಇದೆ, ಇಷ್ಟು ವರ್ಷ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ತಂಬಾಕು ಬಿಡಲು ಸಹಾಯ ಮಾಡುವವರು. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ಬಿಟ್ಟು ಒಂದು ವರ್ಷವಾದರೆ, ಸೇದುವುದರಿಂದ ಬರುವ ಹೃದಯದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆಗ ನಿಮ್ಮ ಹುಡುಗಿ ಎಂಟನೇ ಕ್ಲಾಸಿನಲ್ಲಿರುತ್ತಾಳೆ.

ತಪ್ಪು ಕಾಣಿಕೆ ಹಾಕಲು ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. 2025ರ ಜುಲೈನಿಂದ ಸೇತುವೆ ಮೇಲೇ ಹೋಗಬಹುದು. ಲಾಂಚ್‌ಗೆ ಕಾಯುತ್ತಾ ಒಂದು ಎಳೆಯೋಣ ಅನ್ನುವ ನೆಪವೂ ನಿಮಗೆ ಉಳಿದಿಲ್ಲ.

ನಿಮ್ಮ ಅಕ್ಕ