ಫ್ಯಾಂಟಸಿ, ಸೈನ್ಸ್ ಫಿಕ್ಷನ್‌ನಲ್ಲಿ ಇತ್ತೀಚೆಗೆ ಓದಿದ್ದು ಯಾವುದು ಹಿಡಿಸಿತು? ದೊಡ್ಡವರು ಓದುವಂಥದ್ದು ಅದ್ರಲ್ಲಿ ಏನಾದ್ರೂ ಇದ್ಯಾ?

ಉಂಟು, ಧಾರಾಳ ಉಂಟು. ನಾನು ಕಾಸರಗೋಡಿನ ನೀರ್ಚಾಲು ಕಡೆಯವಳು, ಕೆಲಸ ಪೇಟೆಯಲ್ಲಿ, ಹೋಗಿ ಬರುವ ಬಸ್ಸಲ್ಲಿ ಸೀಟು ಸಿಕ್ಕಿದ್ರೆ ಮೊಬೈಲಲ್ಲೇ ಓದುವುದು. ಈ ಏಳೆಂಟು ತಿಂಗಳಲ್ಲಿ ಓದಿದ್ದು ಹೆಚ್ಚುಕಮ್ಮಿ ಎಲ್ಲ ನೀವು ಕೇಳಿದ ಜಾತಿಯ ಪುಸ್ತಕಗಳೇ.

ಎಲ್ಲಕ್ಕಿಂತ ಮನಸ್ಸಲ್ಲಿ ಕೂತದ್ದು ಉರ್ಸುಲಾ ಲೆ ಗ್ವಿನ್ ಬರೆದ ‘ಎ ವಿಝರ್ಡ್ ಆಫ್ ಅರ್ತ್‌ಸೀ’. 1968ರ ಪುಸ್ತಕ. ಬರೀ ದ್ವೀಪಗಳೇ ಇರುವ ಲೋಕ, ಅದ್ರಲ್ಲಿ ಗೊಂಟ್ ಅನ್ನುವ ದ್ವೀಪದಲ್ಲಿ ಆಡು ಮೇಯಿಸುವ ಒಬ್ಬ ಹುಡುಗ. ಮಾಡಿನ ಮೇಲೆ ಹತ್ತಿ ಕೂತ ಆಡನ್ನು ಇಳಿಸ್ಲಿಕ್ಕೆ ಅವನ ದೊಡ್ಡಮ್ಮ ಎಂತದೋ ಮಾತು ಹೇಳ್ತಾಳೆ, ಇವ ಅದನ್ನು ಕೇಳಿಸಿಕೊಂಡು ಮರುದಿನ ಗುಡ್ಡೆಯಲ್ಲಿ ಹಾಗೇ ಹೇಳ್ತಾನೆ, ಆಡುಗಳೆಲ್ಲ ಓಡಿ ಬಂದು ಅವನ ಮೈಗೆ ಒತ್ತಿಕೊಂಡು ನಿಲ್ತವೆ, ಎಷ್ಟು ಓಡಿಸಿದ್ರೂ ಬಿಡುವುದಿಲ್ಲ. ಆ ಲೋಕದಲ್ಲಿ ಪ್ರತಿಯೊಂದಕ್ಕೂ ಒಂದು ನಿಜವಾದ ಹೆಸರು ಉಂಟು, ಅದು ಗೊತ್ತಿದ್ದವನಿಗೆ ಆ ವಸ್ತುವಿನ ಮೇಲೆ ಹಿಡಿತ. ಮನುಷ್ಯರಿಗೂ ಹಾಗೇ, ಊರು ಕರೆಯುವ ಹೆಸರು ಬೇರೆ, ನಿಜದ್ದು ಬೇರೆ, ಅದನ್ನು ಯಾರಿಗೂ ಹೇಳುವ ಕ್ರಮ ಇಲ್ಲ. ಮಂತ್ರ ಕಲಿಸುವ ಶಾಲೆಯಲ್ಲಿ ಉದ್ದುದ್ದ ಹೆಸರಿನ ಪಟ್ಟಿ ಕೊಡ್ತಾರೆ, ನಡುರಾತ್ರಿಗೆ ಶಾಯಿ ಮಾಯ ಆಗ್ತದೆ, ಅಷ್ಟರೊಳಗೆ ಬಾಯಿಪಾಠ ಆಗಿರ್ಬೇಕು.

ಇದನ್ನು ಓದುವಾಗ ನಂಗೆ ಅಜ್ಜಿ ನೆನಪಾಗಿ ಪುಸ್ತಕ ಮುಚ್ಚಿ ಹೊರಗೆ ನೋಡ್ತಾ ಕೂತೆ. ಅಜ್ಜಿ ಜೀವಮಾನದಲ್ಲಿ ಅಜ್ಜನ ಹೆಸರು ಹೇಳಿದವರಲ್ಲ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದ್ರೆ ನನ್ನ ಬೆನ್ನಿಗೆ ಕೈ ಇಟ್ಟು ಸ್ವಲ್ಪ ಮುಂದೆ ನೂಕ್ತಿದ್ರು, ನಾನು ಹೇಳ್ಬೇಕು. ಕತ್ತಲಾದ ಮೇಲೆ ಹಾವು ಅನ್ನಬಾರದು, ಹುಳ ಅನ್ಬೇಕು. ಹೆಸರಿಗೆ ಶಕ್ತಿ ಉಂಟು ಅನ್ನುವುದು ನಮ್ಗೆ ಎಲ್ಲಿಂದಲೋ ಬಂದ ಕಲ್ಪನೆ ಅಲ್ಲ. ಊರುಗಳನ್ನೇ ನೋಡಿ, ನಾವು ಮಂಜೇಶ್ವರ ಅಂತೇವೆ, ಬಸ್ಸಿನ ಬೋರ್ಡಲ್ಲಿ ಮಂಜೇಶ್ವರಂ. ನಾವು ಕುಂಬಳೆ, ಮಲಯಾಳದವರು ಕುಂಬಳ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಹುಟ್ಟಿದ ನಮ್ಗೆಲ್ಲ ಇದು ದಿನಾ ಕಾಣುವ ವಿಷಯ, ಬೋರ್ಡಲ್ಲಿ ಒಂದು ಅಕ್ಷರ ಬದಲಾದ್ರೆ ಇಲ್ಲಿಯವರಿಗೆ ಯಾಕೆ ಅಷ್ಟು ನೋವಾಗ್ತದೆ ಅಂತ ಕೇಳುವವರಿಗೆ ನಾನು ಈ ಪುಸ್ತಕ ಕೊಡ್ತೇನೆ.

ಇನ್ನೊಂದು ಜಾಗ ಹೇಳ್ಲೇಬೇಕು. ಹುಡುಗ ಜಂಬದಿಂದ ಒಂದು ದೊಡ್ಡ ತಪ್ಪು ಮಾಡಿ, ಸಾಯುವಷ್ಟು ಪೆಟ್ಟು ತಿಂದು, ಯಾರ ಮುಖ ನೋಡ್ಲಿಕ್ಕೂ ಆಗದೆ ಇರುವಾಗ ಗೆಳೆಯ ಒಬ್ಬ ಊರಿಗೆ ಹೊರಟವ ತನ್ನ ನಿಜವಾದ ಹೆಸರು ಹೇಳಿ ಹೋಗ್ತಾನೆ. ಸಮಾಧಾನದ ಮಾತು ಹೆಚ್ಚೇನಿಲ್ಲ, ಹೆಸರು ಹೇಳ್ತಾನೆ, ಅಷ್ಟೇ. ನಂಗೆ ಬಸ್ಸಲ್ಲೇ ಕಣ್ಣು ತುಂಬಿತು.

ಲೆ ಗ್ವಿನ್ ಅವರ ಅಪ್ಪ ಆಲ್ಫ್ರೆಡ್ ಕ್ರೋಬರ್ ಮಾನವಶಾಸ್ತ್ರಜ್ಞ. ಕ್ಯಾಲಿಫೋರ್ನಿಯಾದ ಯಾಹಿ ಜನರಲ್ಲಿ ಕೊನೆಗೆ ಉಳಿದ ಒಬ್ಬ 1911ರಲ್ಲಿ ಕಾಡಿಂದ ಹೊರಗೆ ಬಂದ. ಅವರಲ್ಲಿ ತನ್ನ ಹೆಸರು ತಾನೇ ಹೇಳುವ ಕ್ರಮ ಇಲ್ಲ, ತನ್ನವರೇ ಯಾರಾದ್ರೂ ಹೇಳ್ಬೇಕು, ತನ್ನವರು ಅಂತ ಯಾರೂ ಉಳಿದಿರಲಿಲ್ಲ. ಕ್ರೋಬರ್ ಅವನನ್ನು ‘ಇಶಿ’ ಅಂತ ಕರೆದ್ರು, ಅವನ ಭಾಷೆಯಲ್ಲಿ ಮನುಷ್ಯ ಅಂತ ಅರ್ಥ. 1916ರಲ್ಲಿ ಅವ ತೀರಿಕೊಂಡ, ಹೆಸರು ಯಾರಿಗೂ ಗೊತ್ತಾಗ್ಲಿಲ್ಲ. ಮಗಳು ಹುಟ್ಟಿದ್ದು ಆಮೇಲೆ, 1929ರಲ್ಲಿ, ಇಶಿಯ ಬಗ್ಗೆ ಪುಸ್ತಕ ಬರೆದದ್ದು ಅವರ ಅಮ್ಮ. ಹೆಸರಿನ ಈ ಮಾಯೆ ಅವರಿಗೆ ಎಲ್ಲಿಂದ ಬಂತೋ ನಾನು ಹೇಳ್ಲಿಕ್ಕೆ ಹೋಗುವುದಿಲ್ಲ, ಆದ್ರೆ ಇದು ತಿಳಿದ ಮೇಲೆ ಎರಡನೇ ಸಲ ಓದಿದೆ, ಪುಸ್ತಕ ಇನ್ನೂ ಭಾರ ಆಯ್ತು.

ಸೈನ್ಸ್ ಫಿಕ್ಷನ್‌ನಲ್ಲಿ ಆದ್ರೆ ಟೆಡ್ ಚಿಯಾಂಗ್ ಬರೆದ ‘ಸ್ಟೋರಿ ಆಫ್ ಯುವರ್ ಲೈಫ್’, 1998ರದ್ದು, ಒಂದು ಉದ್ದದ ಕಥೆ. ‘ಅರೈವಲ್’ ಸಿನಿಮಾ ಇದರಿಂದಲೇ ಮಾಡಿದ್ದು. ಏಳು ಕಾಲಿನ ಜೀವಿಗಳು ಬರ್ತವೆ, ಒಬ್ಬಳು ಭಾಷಾಶಾಸ್ತ್ರಜ್ಞೆ ಅವುಗಳ ಭಾಷೆ ಕಲಿತಾಳೆ. ಅವು ಮಾತಾಡುವ ಭಾಷೆಯೇ ಬೇರೆ, ಬರೆಯುವ ಭಾಷೆಯೇ ಬೇರೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಓದುವವರಿಗೆ ಇದು ವಿಚಿತ್ರ ಕಾಣ್ಬಹುದು, ಮನೆಯಲ್ಲಿ ತುಳು ಮಾತಾಡಿ, ಶಾಲೆಯಲ್ಲಿ ಕನ್ನಡ ಬರೆದು, ಆಫೀಸಿನಲ್ಲಿ ಮಲಯಾಳದಲ್ಲಿ ಅರ್ಜಿ ತುಂಬುವ ನನ್ನಂಥವರಿಗೆ ಅದು ಎಂತದ್ದು ಅಂತ ಕೂಡ್ಲೇ ಅಂದಾಜಾಗ್ತದೆ. ಒಂದು ವಾಕ್ಯ ಬರೆಯುವಾಗ ಮೊದಲ ಗೆರೆ ಎಳೆಯುವ ಮುಂಚೆಯೇ ಅದರ ಕೊನೆ ಗೊತ್ತಿರ್ಬೇಕು, ಅಂಥ ಬರವಣಿಗೆ. ಕಥೆಯ ಮರ್ಮವೂ ಅಲ್ಲೇ ಇರುವುದು, ಹಾಗಾಗಿ ಇಷ್ಟಕ್ಕೇ ನಿಲ್ಲಿಸ್ತೇನೆ.

ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ (2020) ಸಣ್ಣ ಪುಸ್ತಕ, ಎರಡು ದಿನದಲ್ಲಿ ಮುಗೀತು. ಮುಗಿಯದ ಒಂದು ಮನೆ, ಸಾಲು ಸಾಲು ಪ್ರತಿಮೆ, ಕೆಳಗಿನ ಕೋಣೆಗಳಲ್ಲಿ ಸಮುದ್ರ. ಅಲ್ಲಿ ಇರುವವ ವರ್ಷಕ್ಕೆ ನಂಬರು ಇಡುವುದಿಲ್ಲ, ಕಡಲಹಕ್ಕಿ ಬಂದ ವರ್ಷ ಅಂತ ಬರೆದಿಡ್ತಾನೆ. ನಮ್ಮಲ್ಲಿ ಹಿರಿಯರು ‘ಬೊಳ್ಳ ಬಂದ ವರ್ಷ ಹುಟ್ಟಿದವ’ ಅಂತಿದ್ರಲ್ಲ, ಅದೇ. ಬೊಳ್ಳ ಅಂದ್ರೆ ತುಳುವಿನಲ್ಲಿ ನೆರೆ.

ಆಂಡಿ ವೀರ್ ಅವರ ‘ಪ್ರಾಜೆಕ್ಟ್ ಹೇಲ್ ಮೇರಿ’ ಖುಷಿಯಿಂದ ಓದಿದೆ, ಸಂಗೀತದ ಸ್ವರದಲ್ಲಿ ಮಾತಾಡುವ ಆ ಜೀವಿ ಇಷ್ಟ ಆಯ್ತು, ಆದ್ರೆ ಭಾಷೆ ಕಲಿಯುವುದು ತುಂಬಾ ಬೇಗ ಮುಗೀತದೆ. ಲಿಯು ಸಿಶಿನ್ ಅವರ ‘ಥ್ರೀ ಬಾಡಿ ಪ್ರಾಬ್ಲಮ್’ ಐಡಿಯಾ ದೊಡ್ಡದು, ಮನುಷ್ಯರು ಮನಸ್ಸಿಗೆ ತಾಗಲಿಲ್ಲ.

ಕನ್ನಡದ್ದು ಕೇಳಿದ್ರೆ ‘ಕರ್ವಾಲೊ’ ಪುನಃ ಓದಿದೆ. ತೇಜಸ್ವಿಯವರ 1980ರ ಕಾದಂಬರಿ. ಅದನ್ನು ಸೈನ್ಸ್ ಫಿಕ್ಷನ್ ಅನ್ನಬಹುದಾ ಅಂತ ಕೆಲವರು ಕೇಳ್ತಾರೆ, ನನ್ನ ಪ್ರಕಾರ ಧಾರಾಳ. ಅದ್ರಲ್ಲಿ ಹುಡುಕಿಕೊಂಡು ಹೋಗುವ ಹಾರುವ ಓತಿಯ ಬಳಗದ್ದೇ ಒಂದು ನಮ್ಮ ಅಡಿಕೆ ತೋಟದಲ್ಲಿ ಉಂಟು. ಮರದ ಬಣ್ಣಕ್ಕೆ ಬಣ್ಣ ಸೇರಿ ಎದುರಿಗೇ ಇದ್ರೂ ಕಾಣುವುದಿಲ್ಲ, ಗಂಡು ಗಂಟಲಿನ ಅಡಿಯ ಹಳದಿ ಚರ್ಮ ಬಿಚ್ಚಿ ಮಡಚುವಾಗ ಮಾತ್ರ ಗೊತ್ತಾಗ್ತದೆ, ಮತ್ತೆ ನೋಡ್ತಾ ನೋಡ್ತಾ ಪಕ್ಕೆಯ ರೆಕ್ಕೆ ಬಿಡಿಸಿ ಇನ್ನೊಂದು ಮರಕ್ಕೆ ತೇಲಿಕೊಂಡು ಹೋಗ್ತದೆ. ಮಗನಿಗೆ ಮೊದಲು ಅದನ್ನು ತೋರಿಸಿ ಆಮೇಲೆ ಪುಸ್ತಕ ಕೊಟ್ಟೆ.

ಅರ್ತ್‌ಸೀಯನ್ನು ಅವನಿಗೆ ರಾತ್ರಿ ಕರೆಂಟು ಹೋದಾಗ ಬಾಯಲ್ಲೇ ಕನ್ನಡದಲ್ಲಿ ಹೇಳ್ತಾ ಇದ್ದೇನೆ, ಹುಡುಗನ ಹಿಂದೆ ಬೀಳುವ ಆ ಕಪ್ಪು ವಸ್ತುವಿಗೆ ಛಾಯೆ ಅಂದ್ರೆ ಅವ ಹೆದರಲಿಲ್ಲ, ನೆರಳು ಅಂದಾಗ ಹತ್ತಿರ ಸರಿದು ಕೂತ. ನೀವು ಒಂದೇ ಓದುವುದಾದ್ರೆ ಅದರಿಂದಲೇ ಸುರು ಮಾಡಿ, ದಪ್ಪ ಪುಸ್ತಕ ಅಲ್ಲ. ನಾನೀಗ ಅವರದ್ದೇ ‘ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಹಿಡಿದಿದ್ದೇನೆ, ಹಿಮ, ಚಳಿ ತುಂಬಿದ ಗ್ರಹ, ನಲವತ್ತು ಪೇಜು ಆಗಿದೆ. ಓದಿದವರು ಇದ್ರೆ ಕೊನೆ ಹೇಳ್ಬೇಡಿ.