ವೆಲ್ಪೆ ಎಂದರೆ ಯಾರ ಮರಿ?

ಪ್ರಶ್ನೆ: ಜರ್ಮನ್ ಕಲಿಯುತ್ತಿದ್ದೇನೆ. ಆ ಭಾಷೆಯಲ್ಲಿ ನಾಯಿಮರಿಗೆ ‘ವೆಲ್ಪೆ’ ಎನ್ನುತ್ತಾರೆ. ಈ ಪದದ ಮೂಲವೇನು? ನಮ್ಮ ‘ಮರಿ’ಯಂತೆ ಇದನ್ನು ಎಲ್ಲ ಪ್ರಾಣಿಗಳಿಗೂ ಬಳಸಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುವುದಾದರೆ, ಬಳಸುವಂತಿಲ್ಲ. ನಾವು ಆನೆಯಿಂದ ಹಾವಿನವರೆಗೆ ಹೆಚ್ಚಿನವಕ್ಕೆಲ್ಲ ‘ಮರಿ’ ಎಂದು ಸೇರಿಸಿ ನಿಶ್ಚಿಂತರಾಗುತ್ತೇವೆ. ಜರ್ಮನರಾದರೋ ದನದ ಕರುವಿಗೆ ‘ಕಲ್ಪ್’, ಹಂದಿಮರಿಗೆ ‘ಫೆರ್ಕೆಲ್’, ಕುದುರೆಮರಿಗೆ ‘ಫೋಲೆನ್’ ಎಂದು ಬೇರೆ ಬೇರೆ ಹೆಸರಿಟ್ಟಿದ್ದಾರೆ. ‘ವೆಲ್ಪೆ’ ಸಲ್ಲುವುದು ನಾಯಿ, ತೋಳ, ನರಿಗಳ ಮರಿಗೆ. ಬೆಕ್ಕಿನ ಮರಿಯನ್ನು ಹಾಗೆ ಕರೆದರೆ ಕೇಳಿದವರು ನಕ್ಕಾರು.

ಪದದ ಮೂಲದ ಸ್ವಾರಸ್ಯವೆಲ್ಲ ಅದರ ಪಕಾರದಲ್ಲಿದೆ. ಇಂಗ್ಲಿಷಿನ ‘ವೆಲ್ಪ್’, ಡಚ್ಚರ ‘ವೆಲ್ಪ್’, ಸ್ವೀಡನ್ನಿನ ‘ವಲ್ಪ್’ ಇದರ ಒಡಹುಟ್ಟಿದವು. ಆದರೆ ಮಧ್ಯಯುಗದ ಆರಂಭದಲ್ಲಿ ಜರ್ಮನಿಯ ದಕ್ಷಿಣದ ಎತ್ತರದ ಸೀಮೆಗಳಲ್ಲಿ, ಹಳಗನ್ನಡದ ‘ಪಾಲು’, ‘ಪುಲಿ’ಗಳು ನಮ್ಮಲ್ಲಿ ‘ಹಾಲು’, ‘ಹುಲಿ’ಗಳಾದ ಹಾಗೆಯೇ, ಇಂಥ ಸ್ಥಾನದ ಪಕಾರವು ಕೆಳತುಟಿಗೆ ಹಲ್ಲು ತಾಗಿಸಿ ನುಡಿಯುವ ‘ಫ’ ಆಯಿತು. ಇಂಗ್ಲಿಷಿನ ‘ಹೆಲ್ಪ್’ ಅಲ್ಲಿ ‘ಹೆಲ್ಫೆನ್’ ಆಗಿರುವುದು ಇದರಿಂದಲೇ. ಆ ಲೆಕ್ಕದಲ್ಲಿ ನಾಯಿಮರಿ ‘ವೆಲ್ಫ್’ ಆಗಬೇಕಿತ್ತು. ದಕ್ಷಿಣದ ಹಳೆಯ ಜರ್ಮನ್‌ನಲ್ಲಿ ಹಾಗೆಯೇ ಇತ್ತು, ಕಾಡುಮೃಗಗಳ ಮರಿಗೂ ಅದು ಸಲ್ಲುತ್ತಿತ್ತು. ಈ ಬದಲಾವಣೆ ಮುಟ್ಟದ ಉತ್ತರದ ತಗ್ಗುನಾಡಿನಿಂದ ಬಂದ ‘ವೆಲ್ಪೆ’ ಮುಂದೆ ಶಿಷ್ಟಭಾಷೆಯಲ್ಲಿ ನೆಲೆಯೂರಿ, ‘ವೆಲ್ಫ್’ ಅನ್ನು ಹೊರದಬ್ಬಿತು.

ಹೊರಬಿದ್ದ ಪದ ಒಂದು ರಾಜಮನೆತನದ ಹೆಸರಾಗಿ ಉಳಿದುಕೊಂಡಿದೆ. 12ನೆಯ ಶತಮಾನದಲ್ಲಿ ಸ್ಯಾಕ್ಸನಿ ಮತ್ತು ಬವೇರಿಯಾಗಳನ್ನು ಆಳಿದ ಡ್ಯೂಕ್ ಹೈನ್ರಿಶ್ ಈ ವೆಲ್ಫ್ ಮನೆತನದವನು. ‘ಸಿಂಹ’ ಎಂಬ ಬಿರುದು ಹೊತ್ತು, ಬ್ರೌನ್‌ಶ್ವೈಗ್ ಕೋಟೆಯ ಮುಂದೆ ಕಂಚಿನ ಸಿಂಹವನ್ನೇ ನಿಲ್ಲಿಸಿದವನ ಮನೆತನದ ಹೆಸರಿಗೆ ‘ಮರಿ’ ಎಂದು ಅರ್ಥವಿರುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ. ಇಟಲಿಗೆ ಹೋದ ಹೆಸರು ‘ಗ್ವೆಲ್ಫ್’ ಆಗಿ, ಪೋಪರ ಪರ ನಿಂತ ಪಕ್ಷವನ್ನು ಸೂಚಿಸಿತು. ಕವಿ ದಾಂತೆ ಆ ಪಕ್ಷದವನು. 1714ರಲ್ಲಿ ಬ್ರಿಟನ್ನಿನ ಸಿಂಹಾಸನವೇರಿದ ಒಂದನೆಯ ಜಾರ್ಜನೂ ಇದೇ ವಂಶದವನು.

ನೀವು ಕಲಿಯುತ್ತಿರುವುದರಿಂದ ಇನ್ನೊಂದು ಮಾತು: ಮರಿ ಹೆಣ್ಣಾದರೂ ಈ ಪದ ಪುಲ್ಲಿಂಗವೇ. ಕರ್ತೃಪದವಾದಾಗ ‘ಡೆರ್ ವೆಲ್ಪೆ’. ಉಳಿದೆಲ್ಲ ವಿಭಕ್ತಿಗಳಲ್ಲೂ ಬಹುವಚನದಲ್ಲೂ ಕೊನೆಗೆ ನಕಾರ ಸೇರುತ್ತದೆ; ‘ಮರಿಯನ್ನು ನೋಡಿದೆ’ ಎನ್ನುವಾಗ ‘ಡೆನ್ ವೆಲ್ಪೆನ್’ ಆಗುತ್ತದೆ.