ಜ್ವರದ ನೆಪ ಬೇಡ, ಹಾಕಿಗೆಂದೇ ರಜೆ ಕೇಳಿ

ಪ್ರಶ್ನೆ: ನಾನು ಕೊಡಗಿನವಳು, ವಯಸ್ಸು 28. ಸರ್ಕಾರಿ ಶಾಲೆಗಳ ಅಂಕಿಅಂಶ ವಿಶ್ಲೇಷಿಸಿ ಇಲಾಖೆಗೆ ವರದಿ ಸಿದ್ಧಪಡಿಸುವ ಬೆಂಗಳೂರಿನ ಸಂಸ್ಥೆಯೊಂದರಲ್ಲಿದ್ದೇನೆ. ಕೆಲಸ ಇಷ್ಟ, ಹಾಕಿಯನ್ನೂ ಬಿಡಲಾರೆ. ಕಳೆದ ವರ್ಷ ಜ್ವರವೆಂದು ಸುಳ್ಳು ಹೇಳಿ ಊರಿಗೆ ಹೋಗಿ ಕೊಡವ ಹಾಕಿ ಉತ್ಸವದಲ್ಲಿ ನಮ್ಮ ಒಕ್ಕದ (ಮನೆತನದ) ತಂಡಕ್ಕೆ ಗೋಲ್‌ಕೀಪರ್ ಆಗಿ ಆಡಿದೆ. ಈಗ ಪ್ಯಾಡುಗಳು ಮಂಚದ ಕೆಳಗಿವೆ. ಶೌಚಾಲಯವಿಲ್ಲದ ಶಾಲೆಗಳ ಪಟ್ಟಿ ಮುಂದಿಟ್ಟುಕೊಂಡು ಆಟದ ಯೋಚನೆ ಮಾಡುವುದು ಸ್ವಾರ್ಥವೇ? ಕ್ರೀಡಾ ವಿಶ್ಲೇಷಣೆಗೆ ಸೇರು ಎನ್ನುತ್ತಾರೆ ಗೆಳತಿಯರು.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಆ ಜ್ವರದ ಮಾತಿನಲ್ಲೇ ನಿಂತೆ. ಚಿಕ್ಕಪ್ಪನ ಮಗಳ ಮದುವೆಗೆ ಹೋಗಲು ನೀವು ಜ್ವರ ಬರಿಸಿಕೊಳ್ಳುತ್ತಿದ್ದಿರಾ? ಕೊಡವ ಹಾಕಿ ಉತ್ಸವ ಅದಕ್ಕಿಂತ ಕಡಿಮೆಯದೇ? 1997ರಲ್ಲಿ ಕೊಡಗಿನ ಕರಡದಲ್ಲಿ ಪಾಂಡಂಡ ಮನೆತನದವರು ಆರಂಭಿಸಿದಾಗ ಅರವತ್ತು ಒಕ್ಕಗಳು ಬಂದಿದ್ದವು. ಈಗ ಮುನ್ನೂರು ದಾಟಿವೆ. ತಾತ, ಮೊಮ್ಮಗಳು, ಹೊಸದಾಗಿ ಮನೆಗೆ ಬಂದ ಸೊಸೆ ಒಂದೇ ತಂಡದಲ್ಲಿ ಆಡುವ ಪಂದ್ಯಾವಳಿ ಬೇರೆಲ್ಲಿದೆ ಹೇಳಿ. ಅಂಥದ್ದನ್ನು ಕಳ್ಳತನದಂತೆ ಆಡಿ ಬಂದಿರಲ್ಲ, ನನಗೆ ಸಂಕಟವಾಗಿದ್ದು ಅದಕ್ಕೆ. ನಿಮ್ಮನ್ನು ಚುಚ್ಚುತ್ತಿರುವುದು ಸುಳ್ಳು. ಅದರ ಹೊರೆಯನ್ನು ಆಟದ ತಲೆಗೆ ಕಟ್ಟಬೇಡಿ.

ಇನ್ನು ಸ್ವಾರ್ಥದ ಪ್ರಶ್ನೆ. ಭಾನುವಾರವೂ ನೀವು ಕಂಪ್ಯೂಟರ್ ಮುಂದೆ ಕುಳಿತರೆ ಒಂದು ಶೌಚಾಲಯವೂ ಹೆಚ್ಚುವರಿ ಕಟ್ಟಲ್ಪಡುವುದಿಲ್ಲ. ದಣಿದ ಕಣ್ಣು ತಪ್ಪು ಸಾಲನ್ನು ಓದುತ್ತದೆ, ಅಷ್ಟೇ. ಶಾಲೆಗಳ ಮಾಹಿತಿ ಸಂಗ್ರಹಿಸುವ ಯು-ಡೈಸ್ ನಮೂನೆಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ ಇದೆಯೇ ಎಂದು ಕೇಳುತ್ತಾರೆ. ಅಲ್ಲಿ ‘ಇದೆ’ ಎಂದು ಬಿದ್ದ ಗುರುತು ಎಲ್ಲರಿಗೂ ಒಂದೇ. ಗೋಲಿನ ಮುಂದೆ ನಿಂತು ಮೊಣಕಾಲು ತರಚಿಕೊಂಡ ನಿಮಗೆ ಮಾತ್ರ, ಅದು ಕಲ್ಲಿನ ಇಳಿಜಾರೋ, ಮಕ್ಕಳು ಓಡಬಲ್ಲ ನೆಲವೋ ಎಂದು ಕೇಳಬೇಕೆನಿಸುತ್ತದೆ. ಕೇಳಿ, ವರದಿಯಲ್ಲಿ ಬರೆಯಿರಿ. ಹಾಗೆಂದು ಈ ಲಾಭವನ್ನೇ ಹಾಕಿಗೆ ಸಮರ್ಥನೆ ಮಾಡಿಕೊಳ್ಳಬೇಡಿ. ಯಾವ ಉಪಯೋಗವೂ ಇಲ್ಲದಿದ್ದರೂ ನೀವು ಆಡಬಹುದು.

ಗೆಳತಿಯರು ತೋರಿಸಿದ ದಾರಿ ಸುಳ್ಳಲ್ಲ. ಮಳೆ ಬಂದ ಕ್ರಿಕೆಟ್ ಪಂದ್ಯದ ಗುರಿ ಲೆಕ್ಕ ಹಾಕಲು ಸೂತ್ರ ಕೊಟ್ಟ ಡಕ್ವರ್ತ್ ಮತ್ತು ಲೂಯಿಸ್ ಸಂಖ್ಯಾಶಾಸ್ತ್ರಜ್ಞರು. ಪರ್ಯಾಯ ಸೂತ್ರ ಕಂಡುಹಿಡಿದ ಕೇರಳದ ಜಯದೇವನ್ ಎಂಜಿನಿಯರ್. ಆದರೆ ನಿಮ್ಮ ಪತ್ರದಲ್ಲಿ ಹಾಕಿಯ ಅಂಕಿಗಳ ಬಗ್ಗೆ ಒಂದು ಸಾಲೂ ಇಲ್ಲ. ಚೆಂಡು ಪ್ಯಾಡಿಗೆ ಬಡಿದಾಗಿನ ಸದ್ದಿನ ಬಗ್ಗೆ ಅರ್ಧ ಪುಟ ಬರೆದಿದ್ದೀರಿ (ಜಾಗವಿಲ್ಲದೆ ಇಲ್ಲಿ ಅದನ್ನು ಬಿಡಬೇಕಾಯಿತು). ಆ ಸದ್ದು ಯಾವ ಕಚೇರಿಯಲ್ಲೂ ಕೇಳಿಸದು. ಶಾಲೆಗಳ ಕೆಲಸವನ್ನು ಪ್ರೀತಿಸುತ್ತಿದ್ದೀರಿ, ಅದರಲ್ಲೇ ಇರಿ.

ಉತ್ಸವ ನಡೆಯುವುದು ಬೇಸಿಗೆಯಲ್ಲಿ. ಆತಿಥ್ಯ ವಹಿಸುವ ಮನೆತನ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಜನವರಿಯಲ್ಲೇ ಮೇಲಧಿಕಾರಿಗೆ ಲಿಖಿತವಾಗಿ ರಜೆ ಕೇಳಿ. ನೀವಿಲ್ಲದಾಗ ಇಲಾಖೆಯಿಂದ ತುರ್ತು ಪ್ರಶ್ನೆ ಬಂದರೆ ಯಾವ ಕಡತ ಎಲ್ಲಿದೆ, ಯಾರು ಉತ್ತರಿಸುತ್ತಾರೆ ಎಂಬುದನ್ನೂ ಅದೇ ಪತ್ರದಲ್ಲಿ ಬರೆಯಿರಿ. ಕೊಡುವಾಗ ಎದುರು ನಿಂತು, ‘ಕಳೆದ ವರ್ಷ ನನಗೆ ಜ್ವರ ಇರಲಿಲ್ಲ ಸರ್, ಹಾಕಿ ಇತ್ತು’ ಎಂದುಬಿಡಿ. ಅವರು ಸಿಟ್ಟಾಗಬಹುದು. ಆ ಐದು ನಿಮಿಷವನ್ನು ತಡೆದುಕೊಳ್ಳಿ. ಪೆನಾಲ್ಟಿ ಸ್ಟ್ರೋಕಿಗೆ ಎದುರು ನಿಂತವರು ನೀವು.

ಪ್ಯಾಡುಗಳನ್ನು ಈ ಭಾನುವಾರವೇ ಮಂಚದ ಕೆಳಗಿಂದ ತೆಗೆದು ಗಾಳಿಗಿಡಿ. ಮುಚ್ಚಿಟ್ಟರೆ ಮುಗ್ಗಲು ಹಿಡಿಯುತ್ತದೆ.